ಸರ್ವರ್ ಕೊಳ್ಳುವ ಮುನ್ನ ವರದಿಯ ಲೆಕ್ಕ

ವ್ಯಾಪಾರ ಬೆಳೆದಂತೆ ವರದಿಗಳೂ ಬೆಳೆಯುತ್ತವೆ. ಯಾವ ಶಾಖೆಯಲ್ಲಿ ಯಾವ ಸರಕು ಎಷ್ಟು ಹೋಯಿತು, ಯಾರಿಂದ ಎಷ್ಟು ಬಾಕಿ ಬರಬೇಕು, ಈ ತಿಂಗಳ ಜಿಎಸ್‌ಟಿ ಎಷ್ಟು ಎಂಬುದನ್ನೆಲ್ಲ ಕಂಪ್ಯೂಟರಿನಿಂದ ತೆಗೆಯುವ ಸಂಸ್ಥೆಗಳಲ್ಲಿ ಒಂದಲ್ಲ ಒಂದು ದಿನ ವರದಿ ತುಂಬಾ ನಿಧಾನ ಎಂಬ ದೂರು ಏಳುತ್ತದೆ. ಹೊಸ ಸರ್ವರ್ ಕೊಳ್ಳುವ ಮಾತು ಬರುತ್ತದೆ. ಡೇಟಾ ಎಷ್ಟು ಜಿಬಿ ಇದೆ, ಬಳಕೆದಾರರು ಎಷ್ಟು ಮಂದಿ ಎಂದು ಮಾರಾಟಗಾರರು ವಿಚಾರಿಸಿ ಕೊಟೇಶನ್ ಕಳಿಸುತ್ತಾರೆ. ಆದರೆ ಸರ್ವರಿನ ಗಾತ್ರ ಈ ಎರಡು ಅಂಕಿಗಳಿಂದ ತೀರ್ಮಾನವಾಗುವಂಥದ್ದಲ್ಲ. ತೀರಾ ಒತ್ತಡದ ಗಂಟೆಯಲ್ಲಿ ಎಷ್ಟು ವರದಿಗಳು ಒಟ್ಟಿಗೆ ಓಡುತ್ತವೆ, ಒಂದೊಂದು ವರದಿಯೂ ಎಷ್ಟು ಡೇಟಾ ಓದುತ್ತದೆ, ಎಷ್ಟು ಹೊತ್ತಿನೊಳಗೆ ಉತ್ತರ ಬೇಕು ಎಂಬ ಮೂರು ಪ್ರಶ್ನೆಗಳಿಂದ ಹೊರಟವರಿಗೆ ಮಾತ್ರ ಕೊಟ್ಟ ಹಣಕ್ಕೆ ತಕ್ಕ ಯಂತ್ರ ಸಿಗುತ್ತದೆ.

ಕೌಂಟರಿನಲ್ಲಿ ಬಿಲ್ ಹಾಕುವಾಗ ಡೇಟಾಬೇಸ್ ಮುಟ್ಟುವುದು ಬೆರಳೆಣಿಕೆಯ ಸಾಲುಗಳನ್ನು. ವರದಿ ಹಾಗಲ್ಲ, ಒಂದೇ ಪ್ರಶ್ನೆಗೆ ಲಕ್ಷಾಂತರ ಸಾಲುಗಳನ್ನು ಜಾಲಾಡುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 40 ಶಾಖೆಗಳ ಒಬ್ಬ ವಿತರಕರಿದ್ದಾರೆ. ಪ್ರತಿ ಶಾಖೆಯಲ್ಲಿ ದಿನಕ್ಕೆ ಬಿಲ್ಲಿನ 1,500 ಸಾಲುಗಳು, ವರ್ಷಕ್ಕೆ 300 ದಿನ ವಹಿವಾಟು ಎಂದರೆ ಮೂರು ವರ್ಷಕ್ಕೆ 5.4 ಕೋಟಿ ಸಾಲು. ಒಂದು ಸಾಲಿಗೆ 200 ಬೈಟ್ ಹಿಡಿದರೆ ಒಟ್ಟು ಸುಮಾರು 11 ಜಿಬಿ. ಸೆಕೆಂಡಿಗೆ 150 ಎಂಬಿ ಓದುವ ಹಾರ್ಡ್ ಡಿಸ್ಕಿಗೆ ಇದನ್ನು ಪೂರ್ತಿ ಓದಲು 72 ಸೆಕೆಂಡು ಬೇಕು. 500 ಎಂಬಿ ಓದುವ ಸಾಟಾ ಎಸ್‌ಎಸ್‌ಡಿಗೆ 22 ಸೆಕೆಂಡು ಸಾಕು. ಇಷ್ಟೂ ಡೇಟಾ ಮೊದಲೇ ರ್‍ಯಾಮ್‌ನಲ್ಲಿ ಕೂತಿದ್ದರೆ ಡಿಸ್ಕಿಗಾಗಿ ಕಾಯುವ ಮಾತೇ ಇಲ್ಲ. ವರದಿಯ ಸರ್ವರಿಗೆ ಪ್ರೊಸೆಸರಿನ ವೇಗಕ್ಕಿಂತ ಮೊದಲು ರ್‍ಯಾಮ್ ಮತ್ತು ಡಿಸ್ಕ್ ನೋಡಬೇಕು ಎನ್ನುವುದು ಇದಕ್ಕಾಗಿಯೇ.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಮಾಲೀಕರು ನೋಡುವ ಬಹುಪಾಲು ವರದಿಗಳು ತಿಂಗಳವಾರು ಮೊತ್ತಗಳು. 500 ಬಗೆಯ ಸರಕಿದ್ದರೆ, ಶಾಖೆ, ತಿಂಗಳು, ಸರಕಿನ ಪ್ರಕಾರ ರಾತ್ರಿಯೇ ಒಟ್ಟು ಮಾಡಿಟ್ಟ ಸಾರಾಂಶದ ಕೋಷ್ಟಕದಲ್ಲಿ ಮೂರು ವರ್ಷಕ್ಕೂ 7.2 ಲಕ್ಷ ಸಾಲು ಮೀರುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಕೂಡ ಇದನ್ನು ಸೆಕೆಂಡಿನೊಳಗೆ ಓದಿ ಮುಗಿಸುತ್ತದೆ. ಬೇಕಾದ ಕಾಲಂಗಳನ್ನು ಮಾತ್ರ ಓದುವ ಕಾಲಂಸ್ಟೋರ್ ಇಂಡೆಕ್ಸ್ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿಗೆ 2012ರ ಆವೃತ್ತಿಯಲ್ಲೇ ಬಂತು. ಇಂಥ ಅನುಕೂಲಗಳನ್ನು ಬಳಸದೆ ಹಾರ್ಡ್‌ವೇರಿಗೆ ಕೈಹಾಕಿದರೆ, ಮಾಡಬೇಕಾಗಿಯೇ ಇಲ್ಲದ ಕೆಲಸಕ್ಕೆ ಯಂತ್ರ ಕೊಂಡಂತಾಗುತ್ತದೆ.

ಬಳಕೆದಾರರ ಸಂಖ್ಯೆಯೂ ಹೀಗೆಯೇ ದಾರಿ ತಪ್ಪಿಸುತ್ತದೆ. 200 ಮಂದಿಗೆ ಲಾಗಿನ್ ಇದೆ ಎಂದ ಮಾತ್ರಕ್ಕೆ 200 ವರದಿಗಳು ಒಟ್ಟಿಗೆ ಓಡುವುದಿಲ್ಲ. ಬರುವ ಬೇಡಿಕೆಯ ವೇಗವನ್ನು ಒಂದೊಂದಕ್ಕೆ ಹಿಡಿಯುವ ಸಮಯದಿಂದ ಗುಣಿಸಿದರೆ ಒಳಗಿರುವವುಗಳ ಸರಾಸರಿ ಸಂಖ್ಯೆ ಸಿಗುತ್ತದೆ ಎಂದು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದರು. 200 ಮಂದಿ ತಲಾ ಹತ್ತು ನಿಮಿಷಕ್ಕೊಂದು ವರದಿ ಕೇಳಿದರೆ ನಿಮಿಷಕ್ಕೆ 20 ಬೇಡಿಕೆ. ಒಂದೊಂದಕ್ಕೆ 30 ಸೆಕೆಂಡು ಹಿಡಿದರೆ ಒಟ್ಟಿಗೆ ಓಡುವುದು ಸರಾಸರಿ 10 ವರದಿ. ಸಾರಾಂಶದ ಕೋಷ್ಟಕದಿಂದ ಆ ಸಮಯ 3 ಸೆಕೆಂಡಿಗೆ ಇಳಿದರೆ ಬರೀ ಒಂದು. ಜನ ಅಷ್ಟೇ, ಡೇಟಾ ಅಷ್ಟೇ, ಬೇಕಾದ ಯಂತ್ರ ಮಾತ್ರ ಬೇರೆ.

ಹಾಗೆಂದು ಸರಾಸರಿಗೆ ಅಳೆದು ಕೊಂಡರೂ ಕೈಕಚ್ಚುತ್ತದೆ. ಟೆಲಿಫೋನ್ ಕರೆಗಳ ಸರತಿಯನ್ನು ಡೆನ್ಮಾರ್ಕಿನ ಎರ್ಲಾಂಗ್ 1909ರಿಂದಲೇ ಗಣಿತಕ್ಕೆ ಒಳಪಡಿಸಿದರು. ಆ ಹಾದಿಯಲ್ಲಿ ಬೆಳೆದ ಸರಳ ಸೂತ್ರದ ಪ್ರಕಾರ, 30 ಸೆಕೆಂಡಿನ ಕೆಲಸಕ್ಕೆ ಯಂತ್ರ ಶೇ 50ರಷ್ಟು ನಿರತವಾಗಿದ್ದಾಗ ಸರಾಸರಿ 1 ನಿಮಿಷ, ಶೇ 80ಕ್ಕೆ ಎರಡೂವರೆ ನಿಮಿಷ, ಶೇ 90ಕ್ಕೆ 5 ನಿಮಿಷ ಬೇಕಾಗುತ್ತದೆ. ಹಲವು ಕೆಲಸಗಳನ್ನು ಒಟ್ಟಿಗೆ ಮಾಡುವ ನಿಜವಾದ ಸರ್ವರಿನಲ್ಲಿ ಅಂಕಿ ಬದಲಾಗಬಹುದು, ಕೊನೆಕೊನೆಗೆ ಕಾಯುವಿಕೆ ಧುತ್ತೆಂದು ಏರುವುದಂತೂ ತಪ್ಪದು. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಸಾಮಾನ್ಯವಾಗಿ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಕು, ಜಿಎಸ್‌ಟಿಆರ್-3ಬಿಗೆ 20ನೇ ತಾರೀಕು ಗಡುವು. ಗಡುವಿನ ಹಿಂದಿನ ದಿನದ ಒತ್ತಡದಲ್ಲೂ ಮೂರನೇ ಒಂದು ಭಾಗ ಬಿಡುವು ಉಳಿಯುವಂತೆ ಸರ್ವರ್ ಆರಿಸುವುದು ವಿವೇಕ.

ಇಷ್ಟೆಲ್ಲ ಲೆಕ್ಕ ಯಾಕೆ, ಹಾರ್ಡ್‌ವೇರ್ ಅಗ್ಗವಾಗಿದೆ, ದೊಡ್ಡದನ್ನೇ ಕೊಂಡರಾಯಿತು ಎನ್ನುವವರಿದ್ದಾರೆ. ರ್‍ಯಾಮ್ ವಿಷಯದಲ್ಲಿ ಈ ಮಾತಿಗೆ ಸ್ವಲ್ಪ ಬೆಲೆಯಿದೆ. ಕೋರ್‌ಗಳ ವಿಷಯದಲ್ಲಿ ಇಲ್ಲ. ಎಸ್‌ಕ್ಯೂಎಲ್ ಸರ್ವರಿನಂಥ ತಂತ್ರಾಂಶಕ್ಕೆ ಕೋರ್ ಲೆಕ್ಕದಲ್ಲಿ ಲೈಸೆನ್ಸ್ ಕೊಂಡಿದ್ದರೆ ಕೋರ್ ಹೆಚ್ಚಿದಂತೆ ಅದರ ಖರ್ಚೂ ಏರುತ್ತದೆ. ಸಾಲದ್ದಕ್ಕೆ, ಕೆಲಸದ ಶೇ 20ರಷ್ಟು ಭಾಗವನ್ನು ಹಂಚಿ ಮಾಡಲಾಗದಿದ್ದರೆ ಎಷ್ಟು ಕೋರ್ ಸುರಿದರೂ ವೇಗ ಐದು ಪಟ್ಟು ಮೀರದು. ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದಿಂದ ಹೊರಡುವ ಲೆಕ್ಕವಿದು. ಕ್ಲೌಡ್ ಇದೆಯಲ್ಲ, ಬೇಕಾದಾಗ ಹಿಗ್ಗಿಸಬಹುದು ಎನ್ನುವ ವಾದ ಇದಕ್ಕಿಂತ ಗಟ್ಟಿ. ತಿಂಗಳಲ್ಲಿ ನಾಲ್ಕೈದು ದಿನ ಮಾತ್ರ ಒತ್ತಡವಿರುವವರಿಗೆ ಅದು ನಿಜಕ್ಕೂ ಅನುಕೂಲ. ಆದರೆ ಅಲ್ಲಿ ಕೆಟ್ಟದಾಗಿ ಬರೆದ ವರದಿ ತಿಂಗಳ ಬಿಲ್ಲಾಗಿ ಮತ್ತೆ ಮತ್ತೆ ಬರುತ್ತದೆ. ಡಿಸ್ಕಿನ ವೇಗಕ್ಕೂ ಅಲ್ಲಿ ಬೇರೆ ಮಿತಿ, ಬೇರೆ ದರ. ಎಲ್ಲ ಪ್ರಶ್ನೆಗೂ ಮೊದಲೇ ಸಾರಾಂಶ ಮಾಡಿಡಲಾಗದು ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಲೆಕ್ಕಪರಿಶೋಧಕರಿಗೆ ಮೂಲ ಸಾಲುಗಳೇ ಬೇಕು. ಅಂಥ ವರದಿಗಳನ್ನು ರಾತ್ರಿಗೆ ಹಾಕಿ, ಬಿಲ್ಲಿಂಗ್ ಡೇಟಾದ ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿಟ್ಟು ಅಲ್ಲಿಂದ ತೆಗೆದರೆ ಕೌಂಟರಿನ ಮುಂದೆ ಗ್ರಾಹಕರು ಕಾಯುವುದು ತಪ್ಪುತ್ತದೆ.

ಆದ್ದರಿಂದ ಪರ್ಚೇಸ್ ಆರ್ಡರಿಗೆ ಸಹಿ ಹಾಕುವ ಮುನ್ನ ಒಂದು ಪೂರ್ಣ ತಿಂಗಳು ಈಗಿರುವ ಸರ್ವರನ್ನು ಅಳೆಯಬೇಕು. ಯಾವ ವರದಿಗೆ ಎಷ್ಟು ಸಮಯ ಹಿಡಿಯಿತು, ಆಗ ಕಾದದ್ದು ಡಿಸ್ಕಿಗೋ ರ್‍ಯಾಮಿಗೋ ಪ್ರೊಸೆಸರಿಗೋ ಎಂಬುದನ್ನು ಡೇಟಾಬೇಸೇ ದಾಖಲಿಸಿ ಕೊಡುತ್ತದೆ. ಅತಿ ಭಾರದ ಹತ್ತು ವರದಿಗಳನ್ನು ತಿದ್ದಿ ಮತ್ತೆ ಅಳೆದರೆ, ಉಳಿದ ಕೊರತೆಯೇ ಹೊಸ ಸರ್ವರಿನ ಗಾತ್ರ. ಮುಂದಿನ ಮೂರು ವರ್ಷದ ಬೆಳವಣಿಗೆಗೆ ರ್‍ಯಾಮ್ ಸ್ಲಾಟುಗಳನ್ನು ಖಾಲಿ ಬಿಟ್ಟುಕೊಂಡರೆ ಸಾಕು. ಕೊಟೇಶನ್ ಬರೆಯುವವರ ಕೈಗೆ ಈ ಅಳತೆಯ ಹಾಳೆಯನ್ನು ಕೊಡುವ ಮಾಲೀಕರು, ತಮಗೆ ಏನು ಬೇಕೆಂಬುದನ್ನು ತಾವೇ ನಿರ್ಧರಿಸಿರುತ್ತಾರೆ.