ಒತ್ತಕ್ಷರದೊಳಗಿನ ದನಿಗಳು: ಓದಿನಲ್ಲಿ ತಡವರಿಸುವ ಮಗುವಿಗೆ ನೆರವು

ಲೆಕ್ಕದಲ್ಲಿ, ಆಟದಲ್ಲಿ, ಮಾತಿನಲ್ಲಿ ಚುರುಕಾಗಿದ್ದರೂ ನಾಲ್ಕನೆಯ ತರಗತಿಗೆ ಬಂದ ಮೇಲೂ ಒಂದು ಸಾಲನ್ನು ಸರಾಗವಾಗಿ ಓದಲಾರದ ಮಗುವಿನ ದೋಷ ಕಣ್ಣಿನದೋ ಬುದ್ಧಿಯದೋ ಎಂಬ ಪ್ರಶ್ನೆ ಬಾಗಲಕೋಟೆ ಜಿಲ್ಲೆಯ ಶಿಕ್ಷಕರಿಗೆ ಮಾತ್ರವಲ್ಲ, 19ನೆಯ ಶತಮಾನದ ಯುರೋಪಿನ ವೈದ್ಯರಿಗೂ ಎದುರಾಗಿತ್ತು. 1887ರಲ್ಲಿ ‘ಡಿಸ್ಲೆಕ್ಸಿಯಾ’ ಎಂಬ ಹೆಸರನ್ನು ಬಳಕೆಗೆ ತಂದ ರುಡಾಲ್ಫ್ ಬರ್ಲಿನ್ ಜರ್ಮನಿಯ ನೇತ್ರವೈದ್ಯರಾಗಿದ್ದರು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ 14 ವರ್ಷದ ಜಾಣ ಹುಡುಗನೊಬ್ಬನ ಓದಿನ ತೊಡಕನ್ನು ವರದಿ ಮಾಡಿದಾಗ ಅದನ್ನು ಹುಟ್ಟಿನಿಂದ ಬಂದ ‘ಪದಕುರುಡು’ ಎಂದೇ ಕರೆದರು. ತೊಡಕಿನ ಬೇರು ಬಹುಮಟ್ಟಿಗೆ ನೋಟದಲ್ಲಿಲ್ಲ, ಮಾತಿನ ದನಿಗಳನ್ನು ಮನಸ್ಸು ಬಿಡಿಸಿಕೊಳ್ಳುವ ಬಗೆಯಲ್ಲಿದೆ ಎಂಬ ತಿಳಿವು ಗಟ್ಟಿಯಾಗಲು ಮುಂದೆ ಮುಕ್ಕಾಲು ಶತಮಾನವೇ ಹಿಡಿಯಿತು. 1974ರಲ್ಲಿ ಅಮೆರಿಕದ ಇಸಬೆಲ್ ಲಿಬರ್‌ಮನ್ ಮತ್ತು ಸಂಗಡಿಗರು ಮಕ್ಕಳಿಗೆ ಪದಗಳನ್ನು ಕೇಳಿಸಿ, ಪದದಲ್ಲಿ ಎಷ್ಟು ತುಂಡುಗಳಿವೆಯೋ ಅಷ್ಟು ಸಲ ಕಡ್ಡಿಯಿಂದ ತಟ್ಟಿಸಿದಾಗ, ನಾಲ್ಕು ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಉಚ್ಚಾರಾಂಶಗಳನ್ನು ಎಣಿಸಬಲ್ಲವರಾಗಿದ್ದರು. ಬಿಡಿ ದನಿಗಳನ್ನು ಎಣಿಸಲು ಅವರಲ್ಲಿ ಒಬ್ಬರಿಗೂ ಆಗಲಿಲ್ಲ.

ಕನ್ನಡದ ಮಟ್ಟಿಗೆ ಈ ವ್ಯತ್ಯಾಸ ಬಹು ಮುಖ್ಯವಾದುದು, ಏಕೆಂದರೆ ಕನ್ನಡದ ಅಕ್ಷರವು ಉಚ್ಚಾರಾಂಶಕ್ಕೆ ಹತ್ತಿರವಾದ ಘಟಕವಾಗಿದ್ದರೂ ಅದರ ಒಡಲಲ್ಲಿ ಬಿಡಿ ದನಿಗಳ ಗುರುತುಗಳೂ ಅಡಗಿವೆ. ವರ್ಣಮಾಲೆಯ 49 ಅಕ್ಷರಗಳನ್ನು ಬಾಯಿಪಾಠ ಮಾಡಿದ ಮಗುವಿನ ಮುಂದೆ ಇನ್ನೂ 400ಕ್ಕೂ ಹೆಚ್ಚು ಕಾಗುಣಿತ ರೂಪಗಳು, ಅವುಗಳಾಚೆ ಒತ್ತಕ್ಷರಗಳು ಕಾದಿರುತ್ತವೆ. ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಜ್ಞಾನ ಇಲ್ಲಿ ಒಂದೆರಡು ವರ್ಷಗಳಲ್ಲಿ ಮುಗಿಯದೆ ಪ್ರಾಥಮಿಕ ಹಂತದ ಹಲವು ತರಗತಿಗಳಿಗೆ ಚಾಚಿಕೊಳ್ಳುತ್ತದೆ ಎಂಬುದನ್ನೂ, ಬಿಡಿ ದನಿಗಳ ಅರಿವು ಉಚ್ಚಾರಾಂಶದ ಅರಿವಿಗಿಂತ ತಡವಾಗಿ ಮೂಡುತ್ತದೆ ಎಂಬುದನ್ನೂ ತೋರಿಸಿತು. ಇಂಗ್ಲಿಷಿಗೆಂದು ರೂಪಿಸಿದ ಕಾಲಮಾನವನ್ನು ಕನ್ನಡದ ಮಗುವಿನ ಮೇಲೆ ಹೇರಿ, ಎರಡನೆಯ ತರಗತಿಯಲ್ಲೇ ‘ಹಿಂದುಳಿದವನು’ ಎಂದು ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಲಿಪಿಯ ಕೆಲವು ಸಂಯೋಜನೆಗಳಲ್ಲಿ ಕಣ್ಣಿನ ಕ್ರಮಕ್ಕೂ ಕಿವಿಯ ಕ್ರಮಕ್ಕೂ ಹೊಂದಾಣಿಕೆಯಿಲ್ಲ. ‘ಭಕ್ತಿ’ ಎಂಬ ಪದದಲ್ಲಿ ಇಕಾರವು ಕಿವಿಗೆ ಕೇಳಿಸುವುದು ತಕಾರದ ನಂತರ, ಆದರೆ ಗುಡಿಸು ಏರಿ ಕೂತಿರುವುದು ಕಕಾರದ ಮೇಲೆ; ‘ಸೂರ್ಯ’ದಲ್ಲಿ ಮೊದಲು ನುಡಿಯುವ ರೇಫವು ಅರ್ಕಾವೊತ್ತಾಗಿ ಯಕಾರದ ನಂತರ ಬರುತ್ತದೆ. ದನಿಗಳನ್ನು ಬಿಡಿಸಿ ಕೇಳಬಲ್ಲ ಮಗು ಈ ಹಿಂದುಮುಂದನ್ನು ಕ್ರಮೇಣ ಅರಗಿಸಿಕೊಳ್ಳುತ್ತದೆ, ಬಿಡಿಸಲಾರದ ಮಗು ಪ್ರತಿಯೊಂದು ಒತ್ತಕ್ಷರವನ್ನೂ ಹೊಸ ಚಿತ್ರವೆಂಬಂತೆ ನೆನಪಿಟ್ಟುಕೊಳ್ಳಲು ಹೆಣಗಿ ಸೋಲುತ್ತದೆ.

ಇಳಕಲ್ಲಿನ ನೇಕಾರರ ಕೊಂಡಿ ಹಾಕುವ ವಿಧಾನ ಇದನ್ನು ಚೆನ್ನಾಗಿ ತಿಳಿಸಿಕೊಡುತ್ತದೆ. ಅಲ್ಲಿಯ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆಯಿಂದ ಕೂಡಿಸಿದಾಗಲೇ ಒಡಲು ಮುಗಿದಲ್ಲಿಂದ ಸೆರಗಿನ ನೇಯ್ಗೆ ಮುಂದುವರಿಯಲು ಸಾಧ್ಯ. ಮನೆಯಲ್ಲಿ ಬೆಳೆದ ಮಾತು ಒಡಲಾದರೆ ಬರಹ ಸೆರಗು, ದನಿಗೂ ಗುರುತಿಗೂ ಹಾಕುವ ಜೋಡಣೆಯೇ ಕೊಂಡಿ. ಮಗುವಿಗೆ ಯಾವ ಎಳೆ ಕೂಡಿಲ್ಲವೆಂದು ಹುಡುಕಿ ಅದನ್ನೇ ಕೂಡಿಸಬೇಕೇ ಹೊರತು, ಇಡೀ ಪಾಠವನ್ನು ಹತ್ತು ಸಲ ನಕಲು ಬರೆಸಿದರೆ ಪ್ರಯೋಜನವಿಲ್ಲ.

ಒಡಲಿನ ಎಳೆಯನ್ನೇ ತಪ್ಪೆಂದು ಕತ್ತರಿಸುವ ಅಪಾಯವೂ ಇಲ್ಲುಂಟು. ಬಾದಾಮಿ, ಹುನಗುಂದದ ಮಗು ‘ಮನೆ’ ಎಂದು ಬರೆದಿರುವುದನ್ನು ‘ಮನಿ’ ಎಂದೋ ‘ಶಾಲೆ’ಯನ್ನು ‘ಸಾಲಿ’ ಎಂದೋ ಓದಿದರೆ ಅದು ಪದವನ್ನು ಗುರುತಿಸಿ, ಅರ್ಥ ತಿಳಿದು, ತನ್ನ ಸೀಮೆಯ ಮಾತಿನಲ್ಲಿ ನುಡಿದಿದೆ ಎಂದರ್ಥ. ಅದನ್ನು ಓದಿನ ದೋಷವೆಂದು ಎಣಿಸಲಾಗದು. ತಾಂಡಾದ ಲಂಬಾಣಿ ಮಾತಿನ ಅಥವಾ ಉರ್ದು ಮನೆಮಾತಿನ ಮಗುವಿಗೆ ಕನ್ನಡದ ಶಬ್ದಭಂಡಾರವೇ ಚಿಕ್ಕದಿರಬಹುದು. ಹೆತ್ತವರೊಂದಿಗೆ ದುಡಿಮೆಗಾಗಿ ಗೋವಾ, ಮಂಗಳೂರಿಗೆ ಗುಳೆ ಹೋಗುವ ಮಗುವಿಗೆ ಪಾಠಗಳೇ ತಪ್ಪಿರುತ್ತವೆ. ಕಿವಿ ಸೋರುವ ಕಾಯಿಲೆಯಿಂದ ಕೇಳ್ಮೆ ಕುಗ್ಗಿರುವುದೂ ಉಂಟು. ಕೇಳ್ಮೆ ಮತ್ತು ದೃಷ್ಟಿಯ ಪರೀಕ್ಷೆಯಾಗಿ, ಸಾಕಷ್ಟು ಕಾಲ ಒಳ್ಳೆಯ ಕಲಿಸುವಿಕೆ ದೊರೆತ ಮೇಲೂ ತೊಡಕು ಉಳಿದರೆ ಮಾತ್ರ ಡಿಸ್ಲೆಕ್ಸಿಯಾದ ಮಾತೆತ್ತುವುದು ಸರಿ. ಅಂಥ ತಪಾಸಣೆಗೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಳಕಲ್ಲಿನಿಂದ ಅದು ರಾಜ್ಯದ ಇನ್ನೊಂದು ತುದಿಯಲ್ಲಿರುವುದು ಬಡ ಪೋಷಕರಿಗೆ ನಿಜವಾದ ಕಷ್ಟ.

ನೆರವು ಅದಕ್ಕಾಗಿ ಕಾಯಬೇಕಾಗಿಲ್ಲ. ಪುಸ್ತಕ ಮುಚ್ಚಿಟ್ಟು ‘ಕತ್ತಿ’ಯಲ್ಲಿಯ ‘ಕ’ ತೆಗೆದು ‘ಬ’ ಹಾಕಿದರೆ ಏನಾಗುತ್ತದೆಂದು ಬಾಯಲ್ಲೇ ಆಡಿಸುವುದು, ಮುಂದೆ ಕ್ + ಇ = ಕಿ ಎಂಬಂತೆ ಕಾಗುಣಿತವನ್ನು ರಾಗದ ಪಾಠವಾಗಿಸದೆ ಒಡೆದು ಕೂಡಿಸುವುದು, ಒಂದು ಒತ್ತಕ್ಷರ ಕೈವಶವಾದ ಮೇಲೆಯೇ ಇನ್ನೊಂದಕ್ಕೆ ಹೋಗುವುದು, ಇವೆಲ್ಲ ದಿನಕ್ಕೆ ಕಾಲು ಗಂಟೆಯ ಕೆಲಸ. ಮಾತಿನ ಹಿಂಜರಿಕೆ ಇರುವ ಮಗುವಿಗೆ ಕಂಡದ್ದನ್ನು, ಕೇಳಿದ ಕಥೆಯನ್ನು ಮನೆಮಾತಿನಲ್ಲೇ ಹೇಳಲು ಬಿಟ್ಟು, ಅದೇ ವಾಕ್ಯವನ್ನು ಶಿಕ್ಷಕರು ಬರಹದ ಕನ್ನಡದಲ್ಲಿ ಮತ್ತೊಮ್ಮೆ ನುಡಿದರೆ, ಗದರಿಕೆಯಿಲ್ಲದೆ ಎರಡೂ ನುಡಿಗಳು ನಿಲುಕುತ್ತವೆ. ಬಣ್ಣದ ಕನ್ನಡಕ, ವಿಶೇಷ ವಿನ್ಯಾಸದ ಅಚ್ಚಕ್ಷರಗಳಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆಂಬ ಜಾಹೀರಾತುಗಳಿಗೆ ಮಾತ್ರ ವಿಶ್ವಾಸಾರ್ಹ ಆಧಾರ ದೊರೆತಿಲ್ಲ. ಅವಕ್ಕೆ ಸುರಿಯುವ ಹಣ ಕಥೆಪುಸ್ತಕಗಳಿಗೆ ಸಲ್ಲಲಿ.

ಬರೆದಂತೆ ಓದುವ ಲಿಪಿಗಳಲ್ಲಿ ಡಿಸ್ಲೆಕ್ಸಿಯಾ ಇರುವ ಮಗು ಕಾಲಕ್ರಮದಲ್ಲಿ ತಪ್ಪಿಲ್ಲದೆ ಓದಲು ಕಲಿತರೂ ನಿಧಾನಗತಿ ಉಳಿದುಬಿಡುತ್ತದೆ ಎಂಬುದನ್ನು ಜರ್ಮನ್, ಇಟಾಲಿಯನ್ ಭಾಷೆಗಳ ಅಧ್ಯಯನಗಳು ತೋರಿಸಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ, ಮಾತು ಮತ್ತು ಭಾಷೆಯ ನ್ಯೂನತೆಯೂ ಸೇರಿರುವುದರಿಂದ, ಇಂಥ ವಿದ್ಯಾರ್ಥಿ ಪರೀಕ್ಷೆಯಲ್ಲಿ ಕೇಳುವ ಹೆಚ್ಚುವರಿ ಸಮಯವು ದಯೆಯಿಂದ ಕೊಡುವ ರಿಯಾಯಿತಿಯಲ್ಲ, ಅವನ ಹಕ್ಕು.