ಅಟ್ಟದ ಕಂಪ್ಯೂಟರಿನೊಳಗಿನ ಕನ್ನಡ

ಕಾಸರಗೋಡು ಸೀಮೆಯ ಎಷ್ಟೋ ಕನ್ನಡ ಮನೆಗಳ ಅಟ್ಟದಲ್ಲಿ ಹಳೆಯ ಪಾಲುಪಟ್ಟಿ, ಯಕ್ಷಗಾನ ಪ್ರಸಂಗದ ಹಸ್ತಪ್ರತಿಗಳ ಮಗ್ಗುಲಲ್ಲೇ ತೊಂಬತ್ತರ ದಶಕದ ಕೊನೆಯಲ್ಲಿ ಕೊಂಡ ಕಂಪ್ಯೂಟರೊಂದು ಧೂಳು ಹಿಡಿದು ಕುಳಿತಿರುತ್ತದೆ. ತಾಳೆಗರಿಗೆ ಎಣ್ಣೆ ಸವರಬೇಕೆಂದೂ ಕಾಗದವನ್ನು ಗೆದ್ದಲಿನಿಂದ ಕಾಯಬೇಕೆಂದೂ ಹಿರಿಯರು ಬಲ್ಲವರಾಗಿದ್ದರು. ಆ ಯಂತ್ರದ ಹಾರ್ಡ್ ಡಿಸ್ಕನ್ನು ಕಾಯುವ ಬಗೆ ಮಾತ್ರ ನಮಗಿನ್ನೂ ರೂಢಿಯಾಗಿಲ್ಲ.

ಇದು ಹಳೆಯ ಸರಕಿನ ಮೇಲಣ ಮೋಹದ ಮಾತಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡಿಗರ ಎಷ್ಟೋ ಬರಹ ಮನೆಗಳಲ್ಲಿಯೇ ಉಳಿದುಕೊಂಡಿದೆ. ಸಂಘಗಳ ನಡಾವಳಿ, ಭಾಷಾ ಅಲ್ಪಸಂಖ್ಯಾತರ ಹಕ್ಕಿಗಾಗಿ ಸಲ್ಲಿಸಿದ ಮನವಿಗಳ ಕರಡು, ತಾಳಮದ್ದಳೆಯ ಅರ್ಥದ ಟಿಪ್ಪಣಿ, ಕುಟುಂಬದ ವಂಶಾವಳಿ ಇಂಥವುಗಳಿಗೆ ಅನೇಕ ಸಲ ಎರಡನೆಯ ಪ್ರತಿಯೇ ಇರುವುದಿಲ್ಲ.

ನನ್ನ ಬಳಿಗೆ ಬಂದ ತಕರಾರೊಂದನ್ನು ಉದಾಹರಿಸುತ್ತೇನೆ. ದಾಯಾದಿಗಳ ಎರಡು ಅಡಿಕೆ ತೋಟಗಳಿಗೆ ಒಂದೇ ಸುರಂಗದ ನೀರು. ನೀರಿನ ಸರದಿಯ ಕರಾರನ್ನು 1999ರಲ್ಲಿ ಮನೆಯ ಯಜಮಾನರು ಕಂಪ್ಯೂಟರಿನಲ್ಲಿ ಕನ್ನಡದಲ್ಲಿಯೇ ಬರೆದು, ಮುದ್ರಿಸಿ, ಎಲ್ಲರ ಸಹಿ ಪಡೆದಿದ್ದರು. ಅವರು ತೀರಿಕೊಂಡರು, ಸಹಿಯಾದ ಪ್ರತಿ ಸೋರುವ ಮಾಡಿನ ನೀರಿಗೆ ಸಿಕ್ಕಿ ಹಾಳಾಯಿತು. ಉಳಿದದ್ದು ಡಿಸ್ಕಿನಲ್ಲಿದ್ದ ಕರಡು. ಆ ಡಿಸ್ಕಾದರೋ ಒಂದು ದಿನ ತಿರುಗಿದರೆ ಮರುದಿನ ‘ಟಕ್ ಟಕ್’ ಎಂದು ನಿಂತುಬಿಡುತ್ತಿತ್ತು.

ಹೀಗಾಗುವುದಕ್ಕೆ ಕಾರಣವಿದೆ. ಆ ಕಾಲದ ಡಿಸ್ಕಿನ ಲೋಹದ ಅಥವಾ ಗಾಜಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ಹೆಡ್ಡು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದ ಗಾಳಿಯ ಪದರದ ಮೇಲೆ ತೇಲುತ್ತದೆ. ವಿದ್ಯುತ್ತು ನಿಂತಾಗ ಹೆಚ್ಚಿನ ಡಿಸ್ಕುಗಳಲ್ಲಿ ಅದು ತಟ್ಟೆಯ ಒಂದು ಅಂಚಿನಲ್ಲಿ ಇಳಿದು ಕೂರುತ್ತದೆ. ವರ್ಷಗಟ್ಟಲೆ ಕೂತಲ್ಲೇ ಕೂತರೆ ಅಲ್ಲಿಯೇ ಅಂಟಿಕೊಳ್ಳುವುದೂ ಉಂಟು. ಪೆಟ್ಟಿಗೆಗೆ ಗಾಳಿಯಾಡುವ ಸಣ್ಣ ರಂಧ್ರವಿರುವುದರಿಂದ ನಮ್ಮ ಮಳೆಗಾಲದ ತೇವ ಒಳಹೋಗದೆ ಇರದು. ಕಂಪ್ಯೂಟರನ್ನು ‘ಒಮ್ಮೆ ಹಾಕಿ ನೋಡುವ’ ಪ್ರತಿಯೊಂದು ಪ್ರಯತ್ನವೂ ಕೊನೆಯದಾಗಬಹುದೆಂಬ ಎಚ್ಚರ ಬೇಕು.

ಆದುದರಿಂದ ಮೊದಲು ಮಾಡಬಾರದ್ದನ್ನು ತಿಳಿಯೋಣ. ಸ್ಕ್ಯಾನ್‌ಡಿಸ್ಕಿನಂಥ ದುರಸ್ತಿ ತಂತ್ರಾಂಶವನ್ನು ಓಡಿಸಬಾರದು. ಅದು ಸೊರಗಿದ ಡಿಸ್ಕಿನ ಮೇಲೆಯೇ ಮತ್ತೆ ಬರೆಯುತ್ತದೆ. ಮುಚ್ಚಳ ಬಿಚ್ಚಬಾರದು, ಒಂದು ಧೂಳಿನ ಕಣ ತಟ್ಟೆಯನ್ನು ಗೀರಲು ಸಾಕು. ಫ್ರಿಜ್ಜಿನಲ್ಲಿ ಇರಿಸುವ ಉಪಾಯವೂ ಸಲ್ಲ. ಹೊರತೆಗೆದೊಡನೆ ತಂಪಾದ ಲೋಹದ ಮೇಲೆ ನೀರಹನಿ ಕೂಡುತ್ತದೆ.

ಮಾಡಬೇಕಾದದ್ದು ಒಂದೇ: ಡಿಸ್ಕನ್ನು ದುರಸ್ತಿ ಮಾಡಲು ಹೋಗದೆ ಇಡಿಯಾಗಿ ನಕಲು ಮಾಡಿಕೊಳ್ಳುವುದು. ಡಿಸ್ಕನ್ನು ಹಳೆಯ ಯಂತ್ರದಿಂದ ಬಿಡಿಸಿ, ಪ್ರತ್ಯೇಕ ವಿದ್ಯುತ್ ಜೋಡಣೆಯಿರುವ ಐಡಿಇ–ಯುಎಸ್‌ಬಿ ಅಡಾಪ್ಟರಿನ ಮೂಲಕ ಲಿನಕ್ಸ್ ಇರುವ ಕಂಪ್ಯೂಟರಿಗೆ ಸೇರಿಸಬೇಕು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಮೊದಲು ಸುಲಭವಾಗಿ ಓದಬಲ್ಲ ಭಾಗಗಳನ್ನು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯಬಹುದು. ಡಿಸ್ಕು ತಿರುಗದೆಯೇ ಇದ್ದರೆ ಅನುಭವಿ ತಜ್ಞರ ಕೈಗೆ ಒಪ್ಪಿಸುವುದೇ ಲೇಸು.

ಬೇಕಾದ ಕಡತವೊಂದನ್ನೇ ಎತ್ತಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಕನ್ನಡದ ವಿಷಯದಲ್ಲಿ ಸಾಲದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ವಿಂಡೋಸಿನಲ್ಲಿ ಅದು ಬಳಕೆಗೆ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ. ಅದಕ್ಕೆ ಮುನ್ನ, 1998ರಲ್ಲಿ ಬಂದ ‘ಬರಹ’ವೂ ಸೇರಿ, ಒಂದೊಂದು ತಂತ್ರಾಂಶವೂ ರೋಮನ್ ಲಿಪಿಯ ಸ್ಥಾನಗಳಲ್ಲಿ ತನ್ನದೇ ಕ್ರಮದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿತ್ತು. ಆ ಫಾಂಟು ಇಲ್ಲದೆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫಾಂಟು ಅದೇ ಡಿಸ್ಕಿನ ಮತ್ತೊಂದು ಮೂಲೆಯಲ್ಲಿರುತ್ತದೆ. ಇಡೀ ಡಿಸ್ಕಿನ ನಕಲಿದ್ದರೆ ಎರಡೂ ಕೂಡಿ ದೊರೆಯುತ್ತವೆ. ಅನಂತರ ಯೂನಿಕೋಡಿಗೆ ಪರಿವರ್ತಿಸಬಹುದು.

ಕಾನೂನಿನ ದೃಷ್ಟಿಯಿಂದಲೂ ಇದೇ ಸರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ವಿದ್ಯುನ್ಮಾನ ದಾಖಲೆಯ ನಕಲಿನೊಂದಿಗೆ ಯಂತ್ರದ ಹೊಣೆ ಹೊತ್ತವರೂ ತಜ್ಞರೂ ಸಹಿ ಮಾಡಿದ ಪ್ರಮಾಣಪತ್ರ ಬೇಕು. ಅದರಲ್ಲಿ ದಾಖಲೆಯ ಹ್ಯಾಷ್ ಮೌಲ್ಯವನ್ನು ನಮೂದಿಸಬೇಕು. ಇದು ದಾಖಲೆಯ ಬೆರಳಚ್ಚಿನಂತೆ. ಒಂದಕ್ಷರ ಬದಲಾದರೂ ಮೌಲ್ಯ ಬೇರೆಯಾಗುತ್ತದೆ. ಹಳೆಯ ಯಂತ್ರದಲ್ಲೇ ಕಡತ ತೆರೆದು ಉಳಿಸಿದರೆ, ಒಳಗಿನ ಗುಂಡಿ ಬ್ಯಾಟರಿ ಸತ್ತು ಗಡಿಯಾರ ತಪ್ಪಿರುವುದರಿಂದ, ಕಡತದ ದಿನಾಂಕವೂ ಕೆಡುತ್ತದೆ. ನಕಲಾದ ಬಳಿಕ ಮೂಲ ಡಿಸ್ಕನ್ನು ಗುಜರಿಗೆ ಹಾಕಬಾರದು. ಯಾರದು, ಯಾರ ಸುಪರ್ದಿಯಲ್ಲಿತ್ತು, ಎಂದು ಬಿಚ್ಚಲಾಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಒಣಜಾಗದಲ್ಲಿ ಇಡಬೇಕು.

ಸಹಿಯಿಲ್ಲದ ಕರಡು ತಾನೇ ಕರಾರಾಗದು. ಕಳೆದುಹೋದ ಪತ್ರದಲ್ಲಿ ಏನಿತ್ತೆಂಬುದಕ್ಕೆ ಅದು ಇತರ ಸಾಕ್ಷ್ಯಗಳೊಡನೆ ಆಧಾರವಾಗಬಹುದು, ಅಷ್ಟೆ. ಸುರಂಗದ ತಕರಾರಿನಲ್ಲಿ ಅಷ್ಟೇ ಸಾಕಾಯಿತು. ಯಜಮಾನರ ಮಾತುಗಳನ್ನು ಕನ್ನಡದಲ್ಲಿ ಓದಿದ ಮೇಲೆ ಎರಡೂ ಮನೆಯವರು ದಾವೆಯ ಮಾತು ಬಿಟ್ಟು ಸರದಿಯ ಮಾತಿಗೆ ಕುಳಿತರು.

ನಮ್ಮ ಗ್ರಂಥಾಲಯಗಳೂ ಕನ್ನಡ ಸಂಘಗಳೂ ಒಂದು ಅಡಾಪ್ಟರನ್ನೂ ಅದನ್ನು ಬಳಸಬಲ್ಲ ಒಬ್ಬ ತರುಣನನ್ನೂ ಸಿದ್ಧಪಡಿಸಿಕೊಂಡರೆ ಊರಿಗೆಲ್ಲ ಉಪಕಾರವಾದೀತು. ಅಂದಿನ ಡಿಸ್ಕಿನಲ್ಲಿ ಇದ್ದುದೆಲ್ಲ ಇಂದಿನ ಒಂದು ಸಣ್ಣ ಪೆನ್ ಡ್ರೈವಿನಲ್ಲಿ ಹಿಡಿಯುತ್ತದೆ. ಮುಂದಿನ ಮಳೆ ಹಿಡಿಯುವ ಮೊದಲು ಅಟ್ಟ ಹತ್ತುವುದಷ್ಟೇ ಬಾಕಿ.