ತಿರುಗಾಟದ ನಾಟಕಕ್ಕೆ ಟಿಕೆಟ್ ಬದಲಾವಣೆ ಹೇಗೆ?

ಹಲವು ನಾಟಕಗಳಿಗೆ ಒಟ್ಟಾಗಿ ಹಣ ಕಟ್ಟಿದ ಚಂದಾದಾರರಿಗೆ ದಿನ ಬದಲಿಸಿಕೊಳ್ಳುವ ಸೌಲಭ್ಯವು ಪಾಶ್ಚಾತ್ಯ ರಂಗಮಂದಿರಗಳಲ್ಲಿ ರೂಢಿಯಲ್ಲಿದೆ. ಅಲ್ಲಿ ಒಂದೇ ನಾಟಕ ವಾರಗಟ್ಟಲೆ ನಡೆಯುವುದರಿಂದ ಇದು ಸುಲಭ. ಆದರೆ 1985ರಲ್ಲಿ ಹೆಗ್ಗೋಡಿನಲ್ಲಿ ಆರಂಭವಾದ ನೀನಾಸಂ ತಿರುಗಾಟದಂತಹ ತಂಡವು ಒಂದು ಊರಿನಲ್ಲಿ ಒಂದು ನಾಟಕವನ್ನು ಸಾಮಾನ್ಯವಾಗಿ ಒಂದೇ ಸಂಜೆ ಆಡುತ್ತದೆ. ಹಾಸನದ ಪ್ರದರ್ಶನಕ್ಕೆ ಕಟ್ಟಾಯದಿಂದ ಬರಬೇಕಾದವರಿಗೆ ಅಂದು ಬಿಡುವಾಗದಿದ್ದರೆ ಆ ನಾಟಕ ಕೈತಪ್ಪಿದಂತೆಯೇ.

ಆದ್ದರಿಂದ ಇಲ್ಲಿ ಬದಲಾಗಬೇಕಾದುದು ದಿನವಲ್ಲ, ನಾಟಕ ಅಥವಾ ನೋಡುಗ. ಹಿಂದಿನ ದಿನವೇ ತಿಳಿಸಿದಲ್ಲಿ ಸಂಘಟಕರು ಆ ಆಸನವನ್ನು ಬೇರೆಯವರಿಗೆ ಮಾರಿ, ಚಂದಾದಾರರಿಗೆ ಮತ್ತೊಂದು ನಾಟಕಕ್ಕೆ ಹೆಚ್ಚುವರಿ ಆಸನ ನೀಡಬಹುದು. ಪಾಸನ್ನು ಮನೆಯವರಿಗೋ ನೆರೆಯವರಿಗೋ ವರ್ಗಾಯಿಸಲು ಒಪ್ಪುವುದು ಇನ್ನೂ ಸರಳ. ಗಡುವು ಮತ್ತು ನಿಯಮಗಳನ್ನು ಪಾಸಿನ ಹಿಂಬದಿಯಲ್ಲೇ ಮುದ್ರಿಸುವುದು ಲೇಸು. ಹಣ ಸಂದಿದ್ದರೂ ಖಾಲಿ ಕುರ್ಚಿಗಳೆದುರು ನಾಟಕ ಕಳೆಗುಂದುತ್ತದೆ. ನಷ್ಟ ಅನುಭವಿಸಿದ ಚಂದಾದಾರರು ಮುಂದಿನ ವರ್ಷ ಹಿಂಜರಿಯುತ್ತಾರೆ.